ಯಾರಿಗೆ ಯಾವ ಮಾತು?

‘ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಪ್ರಬಂಧಗಳಲ್ಲಿ ಬರೆದವರೇ. ಊಟ ಬಲ್ಲವನು ಯಾವ ಹೊತ್ತಿಗೆ, ಏನನ್ನು, ಎಷ್ಟು ಉಣ್ಣಬೇಕೆಂದು ತಿಳಿದವನು. ಹಾಗೆಯೇ ಮಾತು ಬಲ್ಲವನು ಯಾರೊಡನೆ, ಎಲ್ಲಿ, ಯಾವ ರೀತಿಯಲ್ಲಿ ಮಾತನಾಡಬೇಕೆಂದು ತಿಳಿದವನು. ಈ ವಿವರಣೆಯನ್ನು ಪರೀಕ್ಷೆಯಲ್ಲಿ ಬರೆದು ನಾವು ಅಂಕಗಳನ್ನು ಪಡೆಯುತ್ತೇವೆ. ಆದರೆ ಲೇಖನಿ ಹಿಡಿದು ಒಂದು ಅರ್ಜಿ ಬರೆಯಬೇಕಾಗಿ ಬಂದಾಗ, ಅಥವಾ ಹತ್ತು ಜನರ ಮುಂದೆ ಎದ್ದು ನಿಲ್ಲಬೇಕಾಗಿ ಬಂದಾಗ ಇದನ್ನು ಮರೆತುಬಿಡುತ್ತೇವೆ. ಆದುದರಿಂದ ಈ ಸಲದ ಸಂಚಿಕೆಯಲ್ಲಿ ಆ ವಿಷಯವನ್ನೇ ಸ್ವಲ್ಪ ವಿಚಾರ ಮಾಡೋಣ.

ನಮ್ಮ ನಾಲಗೆಯ ಪಾಠ

ನಮ್ಮ ಕಾಸರಗೋಡು ಸೀಮೆಯ ಒಬ್ಬ ವಿದ್ಯಾರ್ಥಿಯ ಒಂದು ಬೆಳಗನ್ನು ನೋಡೋಣ. ಮನೆಯಲ್ಲಿ ತುಳುವೋ, ಹವ್ಯಕ ಕನ್ನಡವೋ, ಕೊಂಕಣಿಯೋ, ಮರಾಠಿಯೋ, ಬ್ಯಾರಿಯೋ, ಮಲಯಾಳವೋ ಆಡಿ ಅವನು ಹೊರಡುತ್ತಾನೆ. ಬಸ್ಸಿನ ಕಂಡಕ್ಟರರೊಡನೆ ಮಲಯಾಳ. ಪೆನ್ಸಿಲು ಕೊಳ್ಳಲು ಅಂಗಡಿಗೆ ಹೋದರೆ ತುಳು. ಶಾಲೆಯ ಅಂಗಳಕ್ಕೆ ಕಾಲಿಟ್ಟ ಮೇಲೆ ಕನ್ನಡ. ಬೆಳಗ್ಗೆ ಹತ್ತು ಗಂಟೆಯಾಗುವುದರೊಳಗೆ ಮೂರು ನಾಲ್ಕು ಭಾಷೆಗಳಾದವು! ಎದುರಿಗಿರುವವರ ಮುಖವನ್ನು ಕಂಡೊಡನೆ ನಾಲಗೆ ತಾನಾಗಿಯೇ ತಿರುಗುತ್ತದೆ. ಇದನ್ನು ಯಾರೂ ನಮಗೆ ಪಾಠ ಮಾಡಿ ಕಲಿಸಿದ್ದಲ್ಲ.

ಇಷ್ಟು ಜಾಣತನವಿರುವ ನಾವು ಕನ್ನಡದೊಳಗೆ ಬಂದಾಗ ಮಾತ್ರ ಒಂದೇ ದಾರಿಯಲ್ಲಿ ನಡೆಯುತ್ತೇವೆ. ಇದಕ್ಕೆ ಕಾರಣವಿದೆ. ಮೈಸೂರು ಅಥವಾ ಧಾರವಾಡದ ಕಡೆ ಕನ್ನಡ ಮನೆಮಾತಾಗಿರುವ ಮಗುವಿಗೆ ಮೊದಲು ಸಿಗುವುದು ತೊಟ್ಟಿಲ ಕನ್ನಡ. ಆಮೇಲೆ ಆಟದ ಕನ್ನಡ, ಜಗಳದ ಕನ್ನಡ, ಸಂತೆಯ ಕನ್ನಡ. ಪುಸ್ತಕದ ಕನ್ನಡ ಬರುವುದು ಇವೆಲ್ಲದರ ತರುವಾಯ. ನಮ್ಮಲ್ಲಿ ಬಹುಮಂದಿಗೆ ಕನ್ನಡದ ಪರಿಚಯವಾದದ್ದೇ ಪಾಠಪುಸ್ತಕದಲ್ಲಿ. ಇದರಿಂದ ನಮಗೆ ಲಾಭವೂ ಆಗಿದೆ. ನಮ್ಮ ಉಚ್ಚಾರ ಸ್ವಚ್ಛ, ವಾಕ್ಯ ಪೂರ್ಣ ಎಂದು ಹೊರಗಿನವರು ಮೆಚ್ಚುವುದುಂಟು. ಆದರೆ ಗೆಳೆಯನಿಗೆ ಬರೆಯುವ ಕಾಗದಕ್ಕೂ, ಮುಖ್ಯೋಪಾಧ್ಯಾಯರಿಗೆ ಬರೆಯುವ ರಜೆಚೀಟಿಗೂ, ಸರಕಾರಿ ಕಚೇರಿಗೆ ಬರೆಯುವ ಅರ್ಜಿಗೂ ನಮ್ಮಲ್ಲಿರುವುದು ಅದೊಂದೇ ಪ್ರಬಂಧದ ಕನ್ನಡ. ಮದುವೆಗೂ ಗದ್ದೆ ಕೆಲಸಕ್ಕೂ ಒಂದೇ ಜರಿಪಂಚೆ ಉಟ್ಟಂತೆ!

ಒಂದು ಅರ್ಜಿಯ ಕತೆ

ಈ ಮಾತನ್ನು ನಾವು ನಮ್ಮ ಅನುಭವದಿಂದಲೇ ಹೇಳುತ್ತಿದ್ದೇವೆ. ಹೈಸ್ಕೂಲು ಮುಗಿಸಿದ ವರ್ಷ ನಮಗೆ ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಬಂದಿತ್ತು. ಊರಿನಲ್ಲಿ ‘ಒಳ್ಳೆಯ ಕನ್ನಡ ಬರೆಯುವ ಹುಡುಗ’ ಎಂಬ ಹೆಸರೂ ಬಂತು. ನೆರೆಮನೆಯ ಒಬ್ಬ ವೃದ್ಧೆ ವಿಧವಾ ಪಿಂಚಣಿಗಾಗಿ ಅರ್ಜಿ ಬರೆದುಕೊಡಬೇಕೆಂದು ಕೇಳಿದರು. ನಾವು ಬಹಳ ಉತ್ಸಾಹದಿಂದ ಒಂದೂವರೆ ಪುಟ ಬರೆದೆವು. ಅದರ ಆರಂಭ ಹೀಗಿತ್ತು:

‘ಸಕಲ ಸದ್ಗುಣ ಸಂಪನ್ನರೂ ದೀನಜನರ ಆಶಾಕಿರಣವೂ ಆದ ತಮ್ಮ ಸನ್ನಿಧಿಯಲ್ಲಿ, ವಿಧಿಯ ಕ್ರೂರ ಲೀಲೆಗೆ ಸಿಲುಕಿ ಬಾಳಿನ ಬೆಳಕನ್ನು ಕಳೆದುಕೊಂಡು ಕಣ್ಣೀರಿನ ಕಡಲಿನಲ್ಲಿ ಮುಳುಗಿರುವ ಈ ಅಬಲೆಯು ಅನನ್ಯ ಭಾವದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ…’

ಓದಿ ಹೇಳಿದಾಗ ಆ ಅಜ್ಜಿಯ ಕಣ್ಣು ತುಂಬಿ ಬಂತು. ನಮಗೂ ನಮ್ಮ ಬರಹದ ಬಗ್ಗೆ ಹೆಮ್ಮೆಯೆನಿಸಿತು. ಮಳೆಗಾಲದ ಆರಂಭದಲ್ಲಿ ಅರ್ಜಿ ಕಚೇರಿಗೆ ಹೋಯಿತು. ಆಟಿ ಕಳೆಯಿತು, ಸೋಣ ಕಳೆಯಿತು, ದೀಪಾವಳಿಯೂ ಹತ್ತಿರ ಬಂತು, ಉತ್ತರ ಬರಲಿಲ್ಲ. ಕೊನೆಗೆ ಅವರನ್ನು ಕರೆದುಕೊಂಡು ಕಚೇರಿಗೆ ಹೋದೆವು. ಕನ್ನಡ ಬಲ್ಲ ಗುಮಾಸ್ತರೊಬ್ಬರು ಕಡತದಿಂದ ಆ ಕಾಗದವನ್ನು ತೆಗೆದು ಓದಿದರು. ‘ಇವರ ಗಂಡ ತೀರಿಕೊಂಡದ್ದು ಯಾವ ದಿನ? ಮನೆ ನಂಬ್ರ ಎಷ್ಟು? ಪ್ರಾಯ ಎಷ್ಟು? ಇವರಿಗೆ ಬೇಕಾದದ್ದು ಪಿಂಚಣಿಯೋ, ಒಂದು ಸಲದ ಧನಸಹಾಯವೋ?’ ಎಂದು ಕೇಳಿದರು. ನಮ್ಮ ಒಂದೂವರೆ ಪುಟದಲ್ಲಿ ದಿನಾಂಕವೂ ಇರಲಿಲ್ಲ, ಮನೆ ನಂಬ್ರವೂ ಇರಲಿಲ್ಲ. ‘ಪಿಂಚಣಿ’ ಎಂಬ ಶಬ್ದ ಒಮ್ಮೆಯೂ ಬಂದಿರಲಿಲ್ಲ. ಅದರ ಬದಲಿಗೆ ‘ಆಸರೆಯ ಊರುಗೋಲು’ ಎಂದು ಬರೆದಿದ್ದೆವು! ಕನ್ನಡ ಬಾರದ ಅಧಿಕಾರಿಗೆ ಇದರ ಸಾರಾಂಶವನ್ನು ಹೇಳುವುದಾದರೂ ಹೇಗೆ ಎಂದು ಗುಮಾಸ್ತರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಬೇರೆ ಅರ್ಜಿ ಬರೆದೆವು:

‘ವಿಷಯ: ವಿಧವಾ ಪಿಂಚಣಿ ಮಂಜೂರಾತಿ. ಮಾನ್ಯರೇ, ನಾನು ಈ ಪಂಚಾಯತಿನ ಇಂಥ ವಾರ್ಡಿನ ಇಂಥ ನಂಬ್ರದ ಮನೆಯಲ್ಲಿ ವಾಸವಾಗಿದ್ದೇನೆ. ನನ್ನ ಪ್ರಾಯ ಇಷ್ಟು. ನನ್ನ ಗಂಡ ಇಂಥ ದಿನ ತೀರಿಕೊಂಡರು. ನನಗೆ ಬೇರೆ ವರಮಾನವಿಲ್ಲ. ಆದುದರಿಂದ ನನಗೆ ವಿಧವಾ ಪಿಂಚಣಿಯನ್ನು ಮಂಜೂರು ಮಾಡಬೇಕೆಂದು ವಿನಂತಿಸುತ್ತೇನೆ. ಮರಣಪತ್ರ ಮತ್ತು ರೇಷನ್ ಕಾರ್ಡಿನ ನಕಲುಗಳನ್ನು ಇದರೊಂದಿಗೆ ಇರಿಸಿದ್ದೇನೆ.’

ಈ ಅರ್ಜಿಗೆ ಪಿಂಚಣಿ ಮಂಜೂರಾಯಿತು. ಆದರೆ ನಡುವೆ ಕಳೆದುಹೋದ ತಿಂಗಳುಗಳ ಹಣ ಬರಲಿಲ್ಲ. ಆ ಅಜ್ಜಿ ನಮ್ಮನ್ನು ಬಯ್ಯಲಿಲ್ಲ. ಹಿಂದಿರುಗುವ ದಾರಿಯಲ್ಲಿ ತುಳುವಿನಲ್ಲಿ ಅವರು ಹೇಳಿದುದರ ತಾತ್ಪರ್ಯ ಇಷ್ಟು: ‘ಮೊದಲಿನದನ್ನು ಕೇಳುವಾಗ ದೇವಸ್ಥಾನದಲ್ಲಿ ಪುರಾಣ ಕೇಳಿದ ಹಾಗಾಗಿತ್ತು, ಮಗಾ. ಆದರೆ ಪುರಾಣ ಕೇಳಲಿಕ್ಕೆ ಆಫೀಸಿನವರಿಗೆ ಪುರುಸೊತ್ತು ಎಲ್ಲಿದೆ?’

ಈ ಮಾತಿಗಿಂತ ದೊಡ್ಡ ಭಾಷಾಪಾಠವನ್ನು ನಾವು ಆಮೇಲೆ ಯಾವ ತರಗತಿಯಲ್ಲಿಯೂ ಕಲಿಯಲಿಲ್ಲ. ನಮ್ಮ ಮೊದಲ ಅರ್ಜಿಯಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಕೇಳುವವರು ಯಾರೆಂಬುದನ್ನು ನೆನೆಯದೆ ಬರೆದದ್ದೇ ಅದರ ತಪ್ಪು. ನಾವು ಕಚೇರಿಗೆ ಬರೆಯುತ್ತಿದ್ದೇವೆಂದು ತಿಳಿದಿದ್ದೆವು. ನಿಜವಾಗಿ ಬರೆದದ್ದು ಬಹುಮಾನ ಕೊಟ್ಟ ತೀರ್ಪುಗಾರರಿಗೆ.

ನಾಲ್ಕು ಪ್ರಶ್ನೆಗಳು

ಆದುದರಿಂದ ಬಾಯಿ ತೆರೆಯುವ ಮೊದಲು, ಲೇಖನಿ ಹಿಡಿಯುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು.

1. ಕೇಳುವವರು ಯಾರು? ಅವರ ಪ್ರಾಯವೇನು, ನಮಗೂ ಅವರಿಗೂ ಸಂಬಂಧವೇನು, ಈ ವಿಷಯ ಅವರಿಗೆ ಮೊದಲೇ ಎಷ್ಟು ಗೊತ್ತಿದೆ?
2. ಸಂದರ್ಭ ಯಾವುದು? ಸಂತೋಷವೋ, ದುಃಖವೋ, ವ್ಯವಹಾರವೋ, ಅವಸರವೋ?
3. ಇದನ್ನು ಕೇಳಿದ ಮೇಲೆ ಅವರು ಏನು ಮಾಡಬೇಕು? ತಿಳಿದುಕೊಂಡರೆ ಸಾಕೋ, ಸಹಾಯ ಮಾಡಬೇಕೋ, ಅಪ್ಪಣೆ ಕೊಡಬೇಕೋ?
4. ಬಾಯಿಮಾತೋ, ಬರಹವೋ? ಬಾಯಿಮಾತಾದರೆ ತಿಳಿಯದಾಗ ಅವರು ಮತ್ತೆ ಕೇಳಬಹುದು. ಬರಹದ ಬಳಿಯಲ್ಲಿ ನಾವಿರುವುದಿಲ್ಲ. ಅದು ಒಂಟಿಯಾಗಿ ಹೋಗಿ ನಮ್ಮ ಕೆಲಸವನ್ನು ಮಾಡಿಕೊಂಡು ಬರಬೇಕು.

ಒಂದು ಉದಾಹರಣೆಯನ್ನು ನೋಡೋಣ. ಜೋರು ಮಳೆ ಬಂದು ತೋಡಿನ ಸಂಕ ಕೊಚ್ಚಿಹೋಗಿದೆ. ಆಚೆ ದಡದ ಮಕ್ಕಳಿಗೆ ಶಾಲೆಗೆ ಬರಲು ದಾರಿಯಿಲ್ಲ. ಸಂಗತಿ ಒಂದೇ. ಅದನ್ನು ಐದು ಮಂದಿಗೆ ತಿಳಿಸಬೇಕಾಗಿದೆ.

ಮನೆಯ ಪುಟ್ಟ ತಮ್ಮನಿಗೆ: ‘ಪುಟ್ಟಾ, ತೋಡಿನ ಹತ್ತಿರ ಹೋಗಬೇಡ. ಸಂಕ ಇಲ್ಲ. ನೀರು ಜೋರಿದೆ.’

ಗೆಳೆಯನಿಗೆ: ‘ಸಂಕ ಹೋಯಿತು ಮಾರಾಯ! ನಾಳೆ ನಾನು ಬರುವುದಿಲ್ಲ. ಲೆಕ್ಕದ ನೋಟ್ಸು ತೆಗೆದಿಡು ಆಯ್ತಾ.’

ಮುಖ್ಯೋಪಾಧ್ಯಾಯರಿಗೆ: ‘ಮಾನ್ಯರೇ, ನಿನ್ನೆಯ ಮಳೆಗೆ ನಮ್ಮ ಮನೆಯ ಬಳಿಯ ತೋಡಿನ ಸಂಕ ಕೊಚ್ಚಿಹೋದ ಕಾರಣ ಈ ದಿನ ನನಗೆ ಶಾಲೆಗೆ ಬರಲು ಸಾಧ್ಯವಾಗಲಿಲ್ಲ. ದಯವಿಟ್ಟು ರಜೆ ನೀಡಬೇಕೆಂದು ಕೋರುತ್ತೇನೆ.’

ಪಂಚಾಯತಿನ ಅಧ್ಯಕ್ಷರಿಗೆ: ‘ವಿಷಯ: ಕೊಚ್ಚಿಹೋದ ಸಂಕದ ಮರುನಿರ್ಮಾಣ. ಇಂಥ ವಾರ್ಡಿನ ಇಂಥ ತೋಡಿನ ಸಂಕವು ಇಂಥ ದಿನಾಂಕದ ರಾತ್ರಿ ಕೊಚ್ಚಿಹೋಗಿದೆ. ಆಚೆ ದಡದಲ್ಲಿ ಇಷ್ಟು ಮನೆಗಳೂ ಶಾಲೆಗೆ ಬರುವ ಇಷ್ಟು ಮಕ್ಕಳೂ ಇದ್ದಾರೆ. ಕೂಡಲೇ ತಾತ್ಕಾಲಿಕ ಸಂಕ ಹಾಕಿಸಿ, ಬೇಸಿಗೆಯಲ್ಲಿ ಕಾಂಕ್ರೀಟು ಸಂಕ ಕಟ್ಟಿಸಿಕೊಡಬೇಕೆಂದು ವಿನಂತಿ.’

ಪತ್ರಿಕೆಯ ಸಂಪಾದಕರಿಗೆ: ‘ಪ್ರತಿ ವರ್ಷ ಅಡಿಕೆ ಮರದ ಸಂಕ ಹಾಕುವುದು, ಪ್ರತಿ ವರ್ಷ ಅದು ಹೋಗುವುದು ನಮ್ಮೂರಿನಲ್ಲಿ ಮಾಮೂಲಾಗಿದೆ. ಮಕ್ಕಳ ಜೀವಕ್ಕೆ ಅಪಾಯ ಬರುವ ಮೊದಲೇ ಸಂಬಂಧಪಟ್ಟವರು ಎಚ್ಚೆತ್ತುಕೊಳ್ಳುವರೇ?’

ಇವುಗಳನ್ನು ಅದಲು ಬದಲು ಮಾಡಿ ನೋಡೋಣ. ಪುಟ್ಟ ತಮ್ಮನಿಗೆ ‘ಮರುನಿರ್ಮಾಣ’ವೆಂದರೆ ಅವನು ತೋಡಿನ ದಡಕ್ಕೇ ಓಡುತ್ತಾನೆ. ಅಧ್ಯಕ್ಷರಿಗೆ ‘ಸಂಕ ಹೋಯಿತು ಮಾರಾಯ್ರೆ’ ಎಂದಷ್ಟೇ ಬರೆದರೆ ಯಾವ ಸಂಕವೆಂದು ಅವರಿಗೆ ತಿಳಿಯದು. ಪತ್ರಿಕೆಗೆ ಬರೆದಂತೆ ಪಂಚಾಯತಿಗೆ ಬರೆದರೆ ಸಹಾಯ ಮಾಡಬೇಕಾದವರಿಗೆ ಮೊದಲೇ ಮನಸ್ಸು ಮುರಿಯುತ್ತದೆ. ಇವುಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂಬ ಪ್ರಶ್ನೆಯೇ ಇಲ್ಲ. ತಮ್ಮನಿಗೆ ಹೇಳಿದ ಮೂರು ಪುಟ್ಟ ವಾಕ್ಯಗಳೂ ಶ್ರೇಷ್ಠವಾದ ಕನ್ನಡವೇ. ಅವು ಒಂದು ಜೀವವನ್ನು ಉಳಿಸಬಲ್ಲವು.

ಗೌರವದ ಮಾತು

ಮರ್ಯಾದೆಯ ವಿಷಯದಲ್ಲಿ ನಮ್ಮಂಥ ಹಲವು ಭಾಷೆಯವರು ವಿಶೇಷ ಎಚ್ಚರಿಕೆ ವಹಿಸಬೇಕು. ಒಂದೊಂದು ಭಾಷೆಗೂ ಅದರದೇ ಆದ ಮರ್ಯಾದೆಯ ಕ್ರಮವಿದೆ. ಒಂದರದ್ದನ್ನು ಇನ್ನೊಂದಕ್ಕೆ ಹೊತ್ತು ತಂದರೆ ಎಡವಟ್ಟಾಗುತ್ತದೆ.

ಕನ್ನಡದಲ್ಲಿ ‘ನೀನು, ನೀವು, ತಾವು’ ಎಂಬ ಮೂರು ಮೆಟ್ಟಿಲುಗಳಿವೆ. ತುಳುವಿನಲ್ಲಿ ಒಬ್ಬರಿಗೆ ‘ಈ’ ಎನ್ನಬಹುದು. ಮರ್ಯಾದೆಗೆ ‘ಈರ್’ ಎನ್ನುತ್ತೇವೆ. ‘ಬಲ’ ಎಂಬುದು ‘ಬಲೆ’ ಎಂದಾಗುತ್ತದೆ. ಹವ್ಯಕರ ಮನೆಯಲ್ಲಿ ‘ಅಕ್ಕ ಬಂತು’ ಎಂದರೆ ಅದರಲ್ಲಿ ಅಗೌರವದ ಲೇಶವೂ ಇಲ್ಲ. ಆ ಮಾತಿನಲ್ಲಿ ಹೆಂಗಸರಿಗೆ ನಪುಂಸಕಲಿಂಗದ ಕ್ರಿಯಾಪದ ಬರುವುದೇ ಕ್ರಮ. ಅದನ್ನೇ ಶಾಲೆಯಲ್ಲಿ ‘ಟೀಚರು ಬಂತು’ ಎಂದು ಹೇಳಿದರೆ ತರಗತಿಯೆಲ್ಲ ನಗುತ್ತದೆ. ಹಾಗೆ ನಗುವವರೂ ಸ್ವಲ್ಪ ಯೋಚಿಸಬೇಕು. ಆ ಹುಡುಗಿ ಹೇಳಿದುದರಲ್ಲಿ ಅವಿನಯವಿಲ್ಲ. ಅವಳು ಮನೆಯ ಮರ್ಯಾದೆಯನ್ನು ಶಾಲೆಗೆ ತಂದಳು, ಅಷ್ಟೆ. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಯ ನಮ್ಮ ಕನ್ನಡ ಬಂಧುಗಳು ‘ಬರ್ರಿ’, ‘ಹೌದ್ರಿ’ ಎಂದು ಮಾತಿನ ಕೊನೆಗೊಂದು ‘ರಿ’ ಸೇರಿಸಿ ಗೌರವ ತೋರುತ್ತಾರೆ. ಹೊಸತಾಗಿ ಕೇಳುವ ನಮ್ಮ ಕಿವಿಗೆ ಅದು ಗಡುಸಾಗಿ ಕೇಳಬಹುದು. ಅವರಿಗೆ ಅದೇ ವಿನಯ.

ಮಲಯಾಳದಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ನಿಙಳ್’ ಎಂಬುದನ್ನು ನಾವು ನಮ್ಮ ‘ನೀವು’ ಎಂದೇ ತಿಳಿದು ಎಲ್ಲರಿಗೂ ಹೇಳುತ್ತೇವೆ. ಉತ್ತರ ಮಲಬಾರಿನಲ್ಲಿ ಅದು ಗೌರವದ ಮಾತೇ. ಆದರೆ ತೆಂಕು ಕೇರಳದಿಂದ ಬಂದ ಅನೇಕರಿಗೆ ಹಿರಿಯರನ್ನು, ಅಧಿಕಾರಿಗಳನ್ನು ಹಾಗೆ ಕರೆಯುವುದು ಸರಿ ಕಾಣುವುದಿಲ್ಲ. ಅಲ್ಲಿ ‘ಸಾರ್’ ಎಂದೋ, ‘ಚೇಟ್ಟನ್’, ‘ಚೇಚ್ಚಿ’ ಎಂದು ಸಂಬಂಧ ಹೇಳಿಯೋ ಮಾತನಾಡಿಸುವುದು ವಾಡಿಕೆ. ಆಡಿದವನ ಮನಸ್ಸಿನಲ್ಲಿದ್ದ ಗೌರವ ಕೇಳಿದವನ ಕಿವಿಗೆ ತಲಪಲಿಲ್ಲವಾದರೆ ದೋಷವು ಇಬ್ಬರದೂ ಅಲ್ಲ. ಆದರೆ ಕೆಲಸ ಕೆಡುವುದು ನಮ್ಮದು.

ಕನ್ನಡ ಬರಹದಲ್ಲಿ ನಾವು ಮಾಡುವ ತಪ್ಪುಗಳು ಮುಖ್ಯವಾಗಿ ಎರಡು. ಮೊದಲನೆಯದು, ಮೆಟ್ಟಿಲು ತಪ್ಪುವುದು. ಪತ್ರ ‘ತಾವು’ ಎಂದು ಪ್ರಾರಂಭವಾಗಿ, ನಡುವೆ ‘ನೀವು’ ಎಂದಾಗಿ, ಕೊನೆಗೆ ‘ನಿನ್ನ ಆಶೀರ್ವಾದ ಬೇಡುವ’ ಎಂದು ಮುಗಿಯುತ್ತದೆ. ಯಾವುದನ್ನು ಆರಿಸಿದರೂ ಕೊನೆಯವರೆಗೆ ಅದರಲ್ಲಿಯೇ ನಿಲ್ಲಬೇಕು. ಎರಡನೆಯದು, ಗೌರವದ ಮಾತನ್ನು ತನಗೇ ಬಳಸುವುದು. ‘ನಿನ್ನೆ ನಾನು ಶಾಲೆಗೆ ದಯಮಾಡಿಸಲು ಆಗಲಿಲ್ಲ’ ಎಂದು ಬರೆದ ರಜೆಚೀಟಿಯನ್ನು ನಾವು ಕಂಡಿದ್ದೇವೆ. ದಯಮಾಡಿಸುವವರು ಅತಿಥಿಗಳು, ನಾವು ಬರುವವರು ಮಾತ್ರ.

ಇನ್ನೊಂದು ಸಂದೇಹ ಮಕ್ಕಳಿಗೆ ಬರುವುದುಂಟು. ಅಮ್ಮನಿಗೆ ‘ನೀನು’ ಎನ್ನಬಹುದೇ? ಧಾರಾಳವಾಗಿ ಎನ್ನಬಹುದು. ದೇವರಿಗೂ ನಾವು ‘ನೀನು’ ಎಂದೇ ಹೇಳುತ್ತೇವಷ್ಟೆ. ಸಲಿಗೆಯೂ ಗೌರವದ ಒಂದು ರೂಪವೇ. ಆ ಸಲಿಗೆ ಎಲ್ಲಿ ಇದೆ, ಎಲ್ಲಿ ಇಲ್ಲ ಎಂದು ತಿಳಿಯುವುದೇ ವಿವೇಕ.

ಊರ ಮಾತು, ಪುಸ್ತಕದ ಮಾತು

‘ಎಂತ’, ‘ಉಂಟು’, ‘ನಾವು ಹೋಗುವ’ ಎಂದು ನಾವು ಆಡುವ ಕನ್ನಡವನ್ನು ಕೇಳಿ ಬೆಂಗಳೂರಿನ ಕಡೆ ಕೆಲವರು ನಗುತ್ತಾರೆ. ‘ಪುಸ್ತಕ ಓದಿದ ಹಾಗೆ ಮಾತನಾಡುತ್ತೀರಿ’ ಎನ್ನುವವರೂ ಇದ್ದಾರೆ. ಇದಕ್ಕಾಗಿ ನಾವು ನಾಚಬೇಕಾಗಿಲ್ಲ. ‘ಉಂಟು’ ಎಂಬುದು ಹಳೆಯ, ಮರ್ಯಾದಸ್ಥ ಕನ್ನಡ ಶಬ್ದ. ಊರಿನವರೊಡನೆ ‘ಎಂತ ವಿಶೇಷ?’ ಎಂದು ಕೇಳುವುದೇ ಸರಿ, ಅಲ್ಲಿ ‘ವಿಶೇಷವೇನು?’ ಎಂದರೆ ನಾವು ದೂರ ನಿಂತು ಮಾತನಾಡಿದಂತಾಗುತ್ತದೆ. ಬೇರೆ ಊರಿನವರೊಡನೆ ಆಡುವಾಗ, ಎಲ್ಲರೂ ಓದುವಂಥದನ್ನು ಬರೆಯುವಾಗ ‘ಏನು’, ‘ಹೋಗೋಣ’ ಎಂದು ಬದಲಾಯಿಸಿಕೊಳ್ಳುವುದು ಅವರಿಗೆ ಮಾಡುವ ಉಪಕಾರ.

ಬರಹ ದೊಡ್ಡದಾಗಬೇಕಾದರೆ ಸಂಸ್ಕೃತ ಶಬ್ದಗಳ ರಾಶಿಯೇ ಬೇಕೆಂಬ ಭಾವನೆಯೂ ನಮ್ಮಲ್ಲಿದೆ. ಕನ್ನಡದ ಹಿರಿಯರು ಈ ವಿಚಾರವನ್ನು ಬಹಳ ಹಿಂದೆಯೇ ಎತ್ತಿದ್ದಾರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಜನರನ್ನು ಹೊಗಳುವಾಗ, ಅವರು ಹದವರಿತು ಆಡಬಲ್ಲರು, ಇತರರು ಆಡಿದುದನ್ನು ಅರಿತು ವಿಚಾರ ಮಾಡಬಲ್ಲರು ಎಂಬ ಎರಡು ಗುಣಗಳನ್ನು ಒಟ್ಟಿಗೆ ಹೇಳುತ್ತದೆ. ಆಡುವವನೊಬ್ಬನ ಜಾಣ್ಮೆಯಿಂದ ಮಾತು ಪೂರ್ತಿಯಾಗುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ‘ಧರ್ಮಾಮೃತ’ವನ್ನು ಬರೆದ ನಯಸೇನನು ಕನ್ನಡದಲ್ಲಿ ಹೇಳುತ್ತೇನೆಂದು ಹೊರಟು ಸಂಸ್ಕೃತವನ್ನು ತುರುಕುವವರನ್ನು ಕಂಡು, ತುಪ್ಪಕ್ಕೆ ಎಣ್ಣೆಯನ್ನು ಬೆರಸಬಹುದೇ ಎಂದು ಪರಿಹಾಸ್ಯ ಮಾಡಿದನು. ಅದೇ ಶತಮಾನದ ವಚನಕಾರರು ತಮ್ಮ ಅತಿ ಗಹನವಾದ ಅನುಭವವನ್ನೂ ಜನರ ಆಡುಮಾತಿಗೆ ಹತ್ತಿರವಾದ ನುಡಿಯಲ್ಲಿ ಹೇಳಿದರು. ನಮ್ಮ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು (1883-1963) ಹಲವು ಭಾಷೆಗಳ ಮಹಾಪಂಡಿತರು. ಆದರೂ ಕಾವ್ಯಕ್ಕೆ ಕಡ್ಡಾಯವೆಂದು ತಿಳಿದಿದ್ದ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಬರೆಯುವ ಧೈರ್ಯವನ್ನು ತೋರಿದರು. ಅಲಂಕಾರಕ್ಕಾಗಿ ಅರ್ಥವನ್ನು ಬಲಿಕೊಡಬಾರದೆಂಬ ಪಾಠ ನಮ್ಮ ಊರಿನಲ್ಲಿಯೇ ಇದೆ.

ತಾಳಮದ್ದಲೆಯೆಂಬ ಶಾಲೆ

ಇದನ್ನು ಕಲಿಯಲು ನಮಗೆ ಇನ್ನೊಂದು ಶಾಲೆಯೂ ಇದೆ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಮನೆಮನೆಯ ಚಾವಡಿಯಲ್ಲಿ, ದೇವಸ್ಥಾನಗಳಲ್ಲಿ ತಾಳಮದ್ದಲೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯಕ್ಕೆ ಅರ್ಥಧಾರಿ ಕುಳಿತಲ್ಲಿಂದಲೇ ಅರ್ಥ ಹೇಳಬೇಕು. ಅವರ ಮುಂದೆ ಬರೆದಿಟ್ಟ ಮಾತು ಇರುವುದಿಲ್ಲ. ಆದುದರಿಂದ ಪಾತ್ರವೆಲ್ಲ ಮಾತಿನಲ್ಲಿಯೇ ಮೂಡಬೇಕು.

‘ಕೃಷ್ಣಸಂಧಾನ’ ಪ್ರಸಂಗವನ್ನು ನೆನೆದುಕೊಳ್ಳೋಣ. ಅದರಲ್ಲಿ ಕೃಷ್ಣನು ಧರ್ಮರಾಯನೊಡನೆ ಆಡುವಾಗ ಸಮಾಧಾನದ ನುಡಿ. ಬಿಚ್ಚಿದ ಮುಡಿಯ ದ್ರೌಪದಿಯೊಡನೆ ಆಡುವಾಗ ಅಣ್ಣನ ಅಂತಃಕರಣ. ಅಲ್ಲಿ ರಾಜನೀತಿಯ ತರ್ಕ ಹೂಡಿದರೆ ಸಭೆ ಒಪ್ಪುವುದಿಲ್ಲ. ವಿದುರನ ಮನೆಯಲ್ಲಿ ಸಲಿಗೆ, ಸಣ್ಣ ನಗೆ. ಕೌರವನ ಸಭೆಗೆ ಬಂದಾಗ ಅದೇ ಬಾಯಿ ತೂಕದ ಮಾತನ್ನು ಆಡುತ್ತದೆ. ಅಲ್ಲಿ ಒಂದು ಶಬ್ದ ಹೆಚ್ಚಾದರೂ ಸಂಧಾನ ಮುರಿದ ಅಪವಾದ ಬರುತ್ತದೆ. ಕೃಷ್ಣನ ಉದ್ದೇಶವೂ ಒಂದೇ, ಸತ್ಯವೂ ಒಂದೇ. ಕೇಳುವವರಿಗೆ ತಕ್ಕಂತೆ ದಾರಿ ಮಾತ್ರ ಬೇರೆ. ನಮ್ಮ ಸೀಮೆಯವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918-2006) ಅರ್ಥಧಾರಿಗಳನ್ನು ಕೇಳಲು ಅಕ್ಷರ ಬಾರದವರೂ ಪಂಡಿತರೂ ಒಂದೇ ಚಾಪೆಯ ಮೇಲೆ ಕುಳಿತು ರಾತ್ರಿ ಬೆಳಗು ಮಾಡುತ್ತಿದ್ದರು. ಮನೆಯಲ್ಲಿ ಕನ್ನಡ ಆಡದವರಿಗೂ ಬಗೆಬಗೆಯ ಕನ್ನಡವನ್ನು ಕಿವಿಯ ಮೂಲಕ ಉಣಿಸಿದ ಕೀರ್ತಿ ಈ ಕಲೆಗೆ ಸಲ್ಲತಕ್ಕದ್ದು.

ಆದರೆ ತಾಳಮದ್ದಲೆಯ ಕನ್ನಡವನ್ನು ಹಾಗೆಯೇ ಎತ್ತಿಕೊಂಡು ಅಂಗಡಿಗೆ ಹೋಗಬಾರದು. ‘ಎಲೈ ವರ್ತಕನೇ, ಅರ್ಧ ಸೇರು ಶರ್ಕರವನ್ನು ದಯಪಾಲಿಸುವಂಥವನಾಗು’ ಎಂದರೆ ಸಕ್ಕರೆ ಸಿಗುವ ಮೊದಲು ನಗು ಸಿಗುತ್ತದೆ. ನಾವು ಕಲಿಯಬೇಕಾದದ್ದು ಕೃಷ್ಣನ ಶಬ್ದಗಳನ್ನಲ್ಲ, ಎದುರಿನವರನ್ನು ಅರಿಯುವ ಅವನ ಬಗೆಯನ್ನು.

ಮಾತು ಕಡಿಮೆಯಾಗಬೇಕಾದಲ್ಲಿ

ಸಾವಿನ ಮನೆಗೆ ಹೋದಾಗ ಹೇಳತಕ್ಕ ಮಾತು ಪುಸ್ತಕದಲ್ಲಿಲ್ಲ. ‘ಅಗಲಿದ ಆತ್ಮಕ್ಕೆ ಚಿರಶಾಂತಿ ಲಭಿಸಲಿ’ ಎಂಬುದು ಸಂತಾಪ ಸಭೆಗೆ ಸರಿ. ಅಳುತ್ತಿರುವ ಗೆಳೆಯನ ಮುಂದೆ ಅದನ್ನು ಹೇಳಿದರೆ ಕಾಗದ ಓದಿದಂತಾಗುತ್ತದೆ. ಅವನ ಹತ್ತಿರ ಹೋಗಿ ಕುಳಿತರೆ ಸಾಕು. ಅಲ್ಲಿಂದ ಹೊರಡುವಾಗ ‘ಹೋಗಿ ಬರುತ್ತೇವೆ’ ಎನ್ನದೆ ಸುಮ್ಮನೆ ಎದ್ದು ಬರುವ ಪದ್ಧತಿಯನ್ನು ಹಿರಿಯರು ಇಟ್ಟಿದ್ದಾರೆ. ಮಾತನಾಡದಿರುವುದಕ್ಕೂ ಒಂದು ಸಂದರ್ಭವಿದೆ ಎಂಬುದನ್ನು ಅವರು ತಿಳಿದಿದ್ದರು.

ಈಗ ಕಾಗದದ ಸ್ಥಾನವನ್ನು ಮೊಬೈಲು ಸಂದೇಶ ಹಿಡಿದಿದೆ. ಬಾಯಿಮಾತಿಗೆ ಕಂಠದ ಮಾರ್ದವ ಇರುತ್ತದೆ, ಸಂದೇಶಕ್ಕೆ ಅದಿಲ್ಲ. ತಮಾಷೆಗೆ ಬರೆದದ್ದನ್ನು ಓದಿದವರು ಬೈಗುಳವೆಂದು ತಿಳಿಯಬಹುದು. ಅಧ್ಯಾಪಕರಿಗೆ ಕಳುಹಿಸುವಾಗ ಹೆಸರು, ತರಗತಿ, ವಿಷಯ ಎಂಬ ಮೂರನ್ನು ಬರೆಯದೆ ಬರಿದೆ ‘ನಾಳೆ ಉಂಟಾ?’ ಎಂದರೆ ಕಳುಹಿಸಿದವರು ಯಾರು, ಕೇಳಿದ್ದು ಏನು ಎಂದು ಹುಡುಕುವುದೇ ಅವರ ಕೆಲಸವಾಗುತ್ತದೆ.

ನಮಗೆ ಇದು ಏಕೆ ಮುಖ್ಯ?

ಈ ಪಾಠವು ಎಲ್ಲರಿಗೂ ಬೇಕಾದದ್ದೇ. ಆದರೆ ಗಡಿನಾಡಿನ ನಮಗೆ ಅದರ ಅಗತ್ಯ ಇನ್ನಷ್ಟು ಹೆಚ್ಚು. ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು 1956ರ ನವೆಂಬರ 1ರಂದು ಕೇರಳಕ್ಕೆ ಸೇರಿತು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಕೇರಳಕ್ಕೆ ಸೇರಿದಂದಿನಿಂದ ನಾವು ಇಲ್ಲಿ ಭಾಷಾ ಅಲ್ಪಸಂಖ್ಯಾತರು. ನಮ್ಮ ಸಂವಿಧಾನದ 350ನೆಯ ಅನುಚ್ಛೇದವು, ಕುಂದುಕೊರತೆಯ ಪರಿಹಾರಕ್ಕಾಗಿ ಯಾವ ವ್ಯಕ್ತಿಯೇ ಆಗಲಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದೆಂದು ಹೇಳುತ್ತದೆ. ಮಕ್ಕಳ ಪ್ರಾಥಮಿಕ ಶಿಕ್ಷಣಕ್ಕೆ ಮಾತೃಭಾಷೆಯಲ್ಲಿ ಸೌಕರ್ಯವಿರಬೇಕೆಂಬ 350ಎ ಅನುಚ್ಛೇದವನ್ನು 1956ರ ಏಳನೆಯ ತಿದ್ದುಪಡಿಯಲ್ಲಿ ಸೇರಿಸಲಾಯಿತು.

ಇವು ಬೆಲೆಬಾಳುವ ಹಕ್ಕುಗಳು. ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು. ಅದನ್ನು ಬಳಸುವ ಕೈ ಬೇಕು. ನಾವು ಕೊಟ್ಟ ಕನ್ನಡ ಅರ್ಜಿ ಹೇಳಬೇಕಾದುದನ್ನು ಹೇಳದೆ ಉಪಮೆ ರೂಪಕಗಳಿಂದ ತುಂಬಿದ್ದರೆ, ‘ಕನ್ನಡದಲ್ಲಿ ಬೇಡ, ಬೇರೆ ಭಾಷೆಯಲ್ಲಿ ಬರೆದು ತನ್ನಿ’ ಎಂದು ಹೇಳುವವರಿಗೆ ನಾವೇ ಒಂದು ನೆಪ ಕೊಟ್ಟಂತಾಗುತ್ತದೆ. ಅದೇ ಅರ್ಜಿ ಆರು ವಾಕ್ಯಗಳಲ್ಲಿ ಸ್ಪಷ್ಟವಾಗಿದ್ದರೆ ಯಾರೂ ಅದನ್ನು ಸುಲಭವಾಗಿ ಹಿಂದಿರುಗಿಸಲಾರರು.

ನಾವು ವೇದಿಕೆಯ ಮೇಲೆ ಕನ್ನಡವನ್ನು ಕೊಂಡಾಡುತ್ತೇವೆ. ನವೆಂಬರದಲ್ಲಿ ಹಾಡುತ್ತೇವೆ, ಹಾರ ಹಾಕುತ್ತೇವೆ. ಅದು ಬೇಕು. ಆದರೆ ಹಾರ ತುರಾಯಿಯ ದಿನ ಮಾತ್ರ ಹೊರಗೆ ಬರುವ ಭಾಷೆ ಬಹಳ ಕಾಲ ಬಾಳಲಾರದು. ಪಿಂಚಣಿ ಕೇಳಲು, ಸಂಕ ಹಾಕಿಸಲು, ತಮ್ಮನನ್ನು ಎಚ್ಚರಿಸಲು, ಗೆಳೆಯನನ್ನು ಸಂತೈಸಲು, ಅಂಗಡಿಯಲ್ಲಿ ಚೌಕಾಶಿ ಮಾಡಲು ಬರುವ ಕನ್ನಡವೇ ನಾಳೆಗೂ ಉಳಿಯುವ ಕನ್ನಡ. ಆ ಎಲ್ಲ ಕನ್ನಡಗಳನ್ನೂ ಕಲಿಯುವ ಹೊಣೆ ನಮ್ಮದು.

ಅಭ್ಯಾಸ

1. ನಿಮ್ಮ ಶಾಲೆಯ ಬಾವಿಯ ನೀರು ಬತ್ತಿದೆ. ಇದನ್ನು (ಅ) ಗೆಳತಿಗೆ, (ಆ) ಮುಖ್ಯೋಪಾಧ್ಯಾಯರಿಗೆ, (ಇ) ಪಂಚಾಯತಿಗೆ, (ಈ) ಸೂಚನಾ ಫಲಕಕ್ಕೆ ತಕ್ಕಂತೆ ಬರೆಯಿರಿ. ಯಾವುದೂ ಆರು ವಾಕ್ಯಗಳನ್ನು ಮೀರಬಾರದು.
2. ನಿಮ್ಮ ಮನೆಮಾತಿನಲ್ಲಿ ಅಪ್ಪ, ಅಜ್ಜಿ, ನೆಂಟರು, ಅಪರಿಚಿತರು ಇವರನ್ನು ‘ಬನ್ನಿ’ ಎಂದು ಕರೆಯುವ ಮಾತುಗಳನ್ನು ಪಟ್ಟಿ ಮಾಡಿ, ತರಗತಿಯ ಬೇರೆ ಮನೆಮಾತಿನವರ ಪಟ್ಟಿಯೊಡನೆ ಹೋಲಿಸಿರಿ.
3. ಈ ಲೇಖನದ ಮೊದಲಿಗೆ ಕೊಟ್ಟಿರುವ ಆಡಂಬರದ ಅರ್ಜಿಯಲ್ಲಿ ಓದುವವರಿಗೆ ಪ್ರಯೋಜನವಾಗುವ ಶಬ್ದಗಳು ಎಷ್ಟಿವೆ? ಎಣಿಸಿರಿ.
4. ಒಂದು ತಾಳಮದ್ದಲೆಗೆ ಹೋಗಿ, ಒಬ್ಬ ಅರ್ಥಧಾರಿ ಇಬ್ಬರು ಬೇರೆ ಬೇರೆ ಪಾತ್ರಧಾರಿಗಳೊಡನೆ ಹೇಗೆ ಮಾತು ಬದಲಾಯಿಸಿದರೆಂದು ಗುರುತಿಸಿ ಬರೆಯಿರಿ.
5. ಮನೆಯ ಅಥವಾ ನೆರೆಮನೆಯ ಹಿರಿಯರೊಬ್ಬರಿಗೆ ನಿಜವಾಗಿ ಬೇಕಾದ ಒಂದು ಅರ್ಜಿಯನ್ನು ಕನ್ನಡದಲ್ಲಿ ಬರೆದುಕೊಡಿರಿ. ಕಚೇರಿಗೆ ಕೊಡುವ ಮೊದಲು ಅವರಿಗೆ ಗಟ್ಟಿಯಾಗಿ ಓದಿ ಹೇಳಿರಿ. ‘ಇದು ಯಾಕೆ?’ ಎಂದು ಅವರು ಕೇಳಿದ ಮಾತನ್ನು ಹೊಡೆದುಹಾಕಿರಿ.